ವೆಸ್ಟ್‌ವ್ಲೇಟೆರೆನ್ 12 ಕುಡಿಯಲು ಹೋಗುವವರಿಗೆ

ಬೆಲ್ಜಿಯಂನ ಕಡುಗಪ್ಪು ಸ್ಟ್ರಾಂಗ್ ಏಲ್ ಎಂಬ ಬಿಯರ್‌ಗಳಲ್ಲಿ ಷಿಮೇ ಬ್ಲೂ (ಆಲ್ಕೋಹಾಲ್ ಶೇ 9), ರೋಷ್‌ಫೋರ್ 10 (ಶೇ 11.3) ಬ್ರಸೆಲ್ಸ್‌ನ ಅಂಗಡಿಗಳಲ್ಲೇ ಸಿಗುತ್ತವೆ. ವೆಸ್ಟ್‌ವ್ಲೇಟೆರೆನ್ 12 ಹಾಗಲ್ಲ. ಅದನ್ನು ಸೇಂಟ್ ಸಿಕ್ಸ್ಟಸ್ ಮಠದ ಟ್ರ್ಯಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳು ಮಠದ ಖರ್ಚಿಗೆ ಬೇಕಾದಷ್ಟೇ ತಯಾರಿಸುತ್ತಾರೆ. ಬೇರೆಡೆ ಕಂಡರೆ ಬೆಲೆ ಹಲವು ಪಟ್ಟು. ಹಾಗಾಗಿ ಒಂದು ಇಡೀ ದಿನ ಎತ್ತಿಟ್ಟು ಅಲ್ಲಿಗೇ ಹೋಗುವುದು ಸರಿ.

ಬ್ರಸೆಲ್ಸ್‌ನಿಂದ ಮಠಕ್ಕೆ ಹತ್ತಿರದ ಪಟ್ಟಣ ಪೊಪರಿಂಗೆಗೆ ರೈಲಿನಲ್ಲಿ ಎರಡು ಗಂಟೆಗೂ ಮೇಲೆ ಬೇಕು. ಅದೇ ಆ ಮಾರ್ಗದ ಕೊನೆಯ ನಿಲ್ದಾಣ. ಅಲ್ಲಿಂದ ಮಠ ಆರು ಕಿ.ಮೀ. ಆಸುಪಾಸು. ದಾರಿ ಸಮತಟ್ಟು, ಅಕ್ಕಪಕ್ಕ ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ತೋಟಗಳು, ಬಾಡಿಗೆ ಸೈಕಲ್ ಸಾಕು. ಮ್ಯಾಪಿನಲ್ಲಿ ಬರೀ ವೆಸ್ಟ್‌ವ್ಲೇಟೆರೆನ್ ಎಂದು ಊರಿನ ಹೆಸರು ಹಾಕಬೇಡಿ. ಮಠ ಇರುವುದು ಊರಾಚೆ, ಹೊಲಗಳ ನಡುವೆ; ಊರಿನ ಚೌಕಕ್ಕೆ ಹೋಗಿ ನಿಂತವರು ಮತ್ತೆ ಹಿಂದಕ್ಕೆ ತುಳಿಯಬೇಕಾಗುತ್ತದೆ. ಮಠದ ಎದುರಿನ ಕೆಫೆ 'ಇನ್ ದೆ ವ್ರೇದೆ' ಎಂದೇ ಹುಡುಕಿ. ಅದಿರುವ ಬೀದಿ ಡೊಂಕರ್‌ಸ್ಟ್ರಾಟ್, ಅಂದರೆ ಕತ್ತಲ ಬೀದಿ. ಕಪ್ಪು ಬಿಯರಿಗೆ ತಕ್ಕ ವಿಳಾಸವೇ.

ಹೊರಡುವ ಮುನ್ನ ಕೆಫೆಯ ಕ್ಯಾಲೆಂಡರ್ ನೋಡಲೇಬೇಕು. ಶುಕ್ರವಾರ ಬಾಗಿಲು ಹಾಕಿರುತ್ತದೆ, ವರ್ಷದಲ್ಲಿ ಕೆಲವು ವಾರ ರಜೆಯೂ ಉಂಟು. ಮಠದೊಳಗೆ, ಬ್ರೂವರಿಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. 24 ಬಾಟಲಿಯ ಮರದ ಕ್ರೇಟ್ ಬೇಕೆಂದರೆ ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಬೇಕು. ಎರಡು ದಿನಕ್ಕೆ ಬಂದವರು ಆ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಕೆಫೆಯಲ್ಲಿ ಮೂರು ಬಿಯರ್: ಹಸಿರು ಮುಚ್ಚಳದ, ತಿಳಿಬಣ್ಣದ ಬ್ಲಾಂಡ್ (ಶೇ 5.8), ನೀಲಿಯ 8 (ಶೇ 8), ಹಳದಿಯ 12 (ಶೇ 10.2). ಇದೇ ಕ್ರಮದಲ್ಲಿ ಕುಡಿಯಿರಿ. 12ರಿಂದ ಶುರು ಮಾಡಿದರೆ ಬ್ಲಾಂಡ್ ನೀರಿನಂತೆ ಕಾಣುತ್ತದೆ. ಇಬ್ಬರಿದ್ದರೆ ಮೊದಲೆರಡನ್ನು ಹಂಚಿಕೊಂಡು, 12 ಮಾತ್ರ ತಲಾ ಒಂದು ತೆಗೆದುಕೊಳ್ಳಿ. 330 ಮಿ.ಲೀ. ಬಾಟಲಿಯಲ್ಲಿ ಸುಮಾರು 34 ಮಿ.ಲೀ. ಆಲ್ಕೋಹಾಲ್ ಇದೆ, ಅಷ್ಟೇ ಅಳತೆಯ, ಶೇ 5ರ ಬಿಯರ್ ಎರಡು ಬಾಟಲಿ ಕುಡಿದ ಲೆಕ್ಕ. ಸಿಹಿ ಇರುವುದರಿಂದ ನಾಲಿಗೆಗೆ ಅದು ಗೊತ್ತೇ ಆಗುವುದಿಲ್ಲ, ಎದ್ದು ನಿಂತಾಗ ಗೊತ್ತಾಗುತ್ತದೆ. ಬೆಲ್ಜಿಯಂನಲ್ಲಿ ಕುಡಿದು ಸೈಕಲ್ ತುಳಿದರೂ ದಂಡ ಬೀಳಬಹುದು. ಈ ಕ್ರಮದಲ್ಲಿ ಕುಡಿಯುವುದಾದರೆ ಸೈಕಲ್ ಬಿಟ್ಟು ಟ್ಯಾಕ್ಸಿ ಹೇಳಿಡಿ.

ಸ್ಟ್ರಾಂಗ್ ಬಿಯರನ್ನು ತೀರಾ ತಣ್ಣಗೆ ಕುಡಿಯುವ ನಮ್ಮ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಚಿಲ್ಡ್ ಆಗಿದ್ದರೆ ಪರಿಮಳ ಸತ್ತು ಬರೀ ಸಿಹಿ, ಬರೀ ಖಾರ ಉಳಿಯುತ್ತದೆ. 12ರಿಂದ 14 ಡಿಗ್ರಿ ಹದ. ತಣ್ಣಗೆ ಬಂದರೆ ಬಾಯಗಲದ ಗ್ಲಾಸನ್ನು ಅಂಗೈಯಲ್ಲಿ ಹತ್ತು ನಿಮಿಷ ಹಿಡಿದಿರಿ. ಮೊದಲ ಗುಟುಕಿನಲ್ಲಿ ಒಣದ್ರಾಕ್ಷಿ, ಅಂಜೂರ. ಬೆಚ್ಚಗಾದಂತೆ ಖರ್ಜೂರ, ಜೋನಿಬೆಲ್ಲದ ವಾಸನೆ ಏಳುತ್ತದೆ. ಅದು ತಪ್ಪು ಹೋಲಿಕೆಯಲ್ಲ: ಬಣ್ಣಕ್ಕೂ ರುಚಿಗೂ ಮುಖ್ಯ ಕಾರಣ ಕಪ್ಪಾಗುವವರೆಗೆ ಕಾಯಿಸಿದ ಸಕ್ಕರೆ ಪಾಕ, ಸ್ಟೌಟ್ ಎಂಬ ಕಪ್ಪು ಬಿಯರಿನಂತೆ ಹುರಿದ ಧಾನ್ಯವಲ್ಲ. ಹಣ್ಣಿನ ವಾಸನೆ ಯೀಸ್ಟಿನದು. ಆ ಯೀಸ್ಟ್ ವೆಸ್ಟ್‌ಮಾಲ್ಲೆ ಎಂಬ ಇನ್ನೊಂದು ಟ್ರ್ಯಾಪಿಸ್ಟ್ ಮಠದಿಂದ ಬರುತ್ತದೆ.

ಜೊತೆಗೆ ಹಳೆಯ ಚೀಸ್, ಬ್ರೆಡ್ ಸಾಕು. ಸಸ್ಯಾಹಾರಿಗಳು ದಾರಿಯಲ್ಲಿ ಸಿಗುವ ಆಲೂ ಫ್ರೈಸ್ ವಿಷಯದಲ್ಲಿ ಕೇಳಿಯೇ ತಿನ್ನಿ: ಬೆಲ್ಜಿಯಂನಲ್ಲಿ ಅದನ್ನು ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ರೂಢಿ.

ಕೆಫೆ ಮುಚ್ಚಿದ್ದರೆ ಪೊಪರಿಂಗೆ ಪಕ್ಕದ ವಾಟೌದಲ್ಲಿ ಸೇಂಟ್ ಬರ್ನಾರ್ಡಸ್ ಬ್ರೂವರಿ ಇದೆ. 1946ರಿಂದ 1992ರವರೆಗೆ ವೆಸ್ಟ್‌ವ್ಲೇಟೆರೆನ್ ಬಿಯರನ್ನು ಪರವಾನಗಿ ಪಡೆದು ತಯಾರಿಸುತ್ತಿದ್ದವರು ಇವರೇ. ಇವರ ಆಬ್ಟ್ 12 (ಶೇ 10) ಹತ್ತಿರದ ನೆಂಟ, ಸುಲಭವಾಗಿ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಅಂತರ ಜನ ಹೇಳುವಷ್ಟು ದೊಡ್ಡದಲ್ಲ.

ಊರಿಗೆ ತರುವುದಾದರೆ ಸುಂಕವಿಲ್ಲದೆ ಎರಡು ಲೀಟರ್‌ವರೆಗೆ ಮದ್ಯ ತರಬಹುದು. ಆರು ಬಾಟಲಿ ಅಂದರೆ 1.98 ಲೀಟರ್. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸೂಟ್‌ಕೇಸಿನ ನಡುಮಧ್ಯೆ ಬಟ್ಟೆ ಸುತ್ತಿ ಇಡಿ. ಮನೆ ಸೇರಿದ ದಿನವೇ ತೆರೆಯಬೇಡಿ: ತಳದ ಯೀಸ್ಟ್ ಮಡ್ಡಿ ಕದಡಿರುತ್ತದೆ, ನೊರೆ ಉಕ್ಕುತ್ತದೆ. ತಂಪಾದ ಕತ್ತಲಲ್ಲಿ ಒಂದು ವಾರ ನೆಟ್ಟಗೆ ನಿಲ್ಲಿಸಿ. ಗ್ಲಾಸ್ ಓರೆ ಹಿಡಿದು ಒಂದೇ ಧಾರೆಯಲ್ಲಿ ಸುರಿಯಿರಿ, ಕೊನೆಯ ಒಂದು ಬೆರಳಷ್ಟನ್ನು ಬಾಟಲಿಯಲ್ಲೇ ಬಿಡಿ.