ಅಜ್ಜನ ಮನೆ ರಿಪೇರಿ, 9ನೇ ವಾರ: ಎರಡು ಗೆರೆ ಎಳೀಲಿಕ್ಕೆ 70 ಸಾವಿರವಾ?

ಕಾಸರಗೋಡಿನ ಬದಿಯಡ್ಕ ಹತ್ರದ ನಮ್ಮ ಹಳೆ ಮನೆಯ ಕೆಲಸ ಎಲ್ಲಿವರೆಗೆ ಬಂತು ಅಂದ್ರೆ, ಹಂಚಿನ ಅಡಿಯ ಮರದ ಪಕ್ಕಾಸು ರೀಪು ಬದಲಾಯ್ಸಿ ಆಯ್ತು, ಹಂಚು ಅರ್ಧ ಹೊದೆಸಿ ಆಯ್ತು, ಪತ್ತನಾಜೆಗೆ (ಮೇ ಕೊನೆಗೆ ಬರುವ ತುಳುವರ ದಿನ, ಆಮೇಲೆ ಮಳೆಗಾಲ) ಮೊದಲು ಮಾಡು (ಛಾವಣಿ) ಮುಚ್ಚಬೇಕು ಅಂತ ಆಚಾರಿ ಹಿಂದೆ ಬಿದ್ದಿದ್ದೇನೆ. ಆದ್ರೆ ಇವತ್ತು ಬರೀಲಿಕ್ಕೆ ಕೂತದ್ದು ಆರ್ಕಿಟೆಕ್ಟ್ ಫೀಸಿನ ಬಗ್ಗೆ ಅಪ್ಪ ದಿನಾ ಕೇಳುವ ಆ ಮೇಲಿನ ಪ್ರಶ್ನೆಗೆ ಉತ್ತರ.

ಮೊದಲು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಚಾವಡಿಗೂ ಒಳಗಿನ ಕತ್ತಲೆ ಕೋಣೆಗೂ ನಡುವಿನ ಗೋಡೆ ತೆಗೆದು ದೊಡ್ಡ ಹಾಲ್ ಮಾಡುದು, ಪಡುಬದಿ ಗೋಡೆಯ ತೇವಕ್ಕೆ ಕೆಮಿಕಲ್ ಕೋಟಿಂಗ್ ಹೊಡೆಸುದು, ಹಿಂದೆ ಒಂದು ರೂಮು ಎಬ್ಬಿಸುದು. ಮೇಸ್ತ್ರಿ ಎಲ್ಲದಕ್ಕೂ ಆಗ್ತದೆ ಆಗ್ತದೆ ಅಂದ್ರು.

ನವೆಂಬರ್‌ನಲ್ಲಿ ಆರ್ಕಿಟೆಕ್ಟ್ ಮೇಡಂ ಬಂದವರು ಚಾ ಕೂಡ ಕುಡಿಯದೆ ಸೀದಾ ಪಡುಬದಿಗೆ ಹೋಗಿ ಬೆರಳ ಗೆಣ್ಣಿಂದ ಗೋಡೆ ಕುಟ್ಟಿದ್ರು. ಡಬ ಡಬ ಅಂತ ಟೊಳ್ಳು ಶಬ್ದ. ಕಾರಿನ ಕೀಯಲ್ಲಿ ಕೆರೆದ್ರೆ ಸಾರಣೆ ಅಂಗೈ ಅಗಲ ಕಿತ್ತು ಬಂತು, ಒಳಗೆ ಕೆಂಪುಕಲ್ಲು ಒದ್ದೆ, ಬೆರಳಿಟ್ರೆ ಕುಂಕುಮದ ಹಾಗೆ ಹತ್ತಿಕೊಳ್ತದೆ. (ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ಸರ್ವೆಯವರು ಮಲಪ್ಪುರಂ ಕಡೆಯ ಅಂಗಾಡಿಪ್ಪುರಂನಲ್ಲಿ ನೋಡಿ, 1807ರ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಇದೇ ಕಲ್ಲಿಗೆ. ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ.) ಅಂಗಳಕ್ಕೆ ಇಂಟರ್‌ಲಾಕ್ (ಸಿಮೆಂಟ್ ಇಟ್ಟಿಗೆಯ ಹಾಸು) ಯಾವಾಗ ಹಾಕಿದ್ದು ಅಂತ ಕೇಳಿದ್ರು. ಆರು ವರ್ಷ ಆಯ್ತು. ಆಗ ಮಣ್ಣು ತುಂಬಿಸಿ ಅಂಗಳ ಅರ್ಧ ಅಡಿ ಎತ್ತರ ಮಾಡಿದ್ದೆವು, ಗೋಡೆಯ ಬುಡ ಅದರಿಂದ ಕೆಳಗಾಯ್ತು, ವರ್ಷಕ್ಕೆ 3500 ಮಿ.ಮೀ. ಹತ್ರ ಮಳೆ ಬೀಳುವ ಊರಲ್ಲಿ ನೀರು ಅಲ್ಲೇ ನಿಂತು ಗೋಡೆಗೆ ಏರ್ತಾ ಇತ್ತು. ಅಜ್ಜನ ಕಾಲದ ಸುಣ್ಣದ ಗಾರೆ ಆದ್ರೆ ಕುಡಿದ ನೀರನ್ನು ಬಿಸಿಲಿಗೆ ಬಿಡ್ತಿತ್ತು, ನಾವು ಅದನ್ನು ಕೆರೆದು ಸಿಮೆಂಟ್ ಸಾರಣೆ, ಮೇಲೆ ಪೈಂಟ್ ಬಳಿದು ನೀರನ್ನು ಒಳಗೇ ಕಟ್ಟಿಹಾಕಿದ್ದೆವು. ಕೋಟಿಂಗಿಗೆ 65 ಸಾವಿರದ ಕೊಟೇಶನ್ ಬಂದಿತ್ತು, ಅದು ಹೊಡೆಸಿದ್ರೂ ಏನೂ ಆಗ್ತಿರ್ಲಿಲ್ಲ. ಮೇಡಂ ಹೇಳಿದ್ದು ಬೇರೆ: ಗೋಡೆ ಉದ್ದಕ್ಕೆ ಎರಡಡಿ ಇಂಟರ್‌ಲಾಕ್ ಎಬ್ಬಿಸಿ ಚರಂಡಿ, ಜಲ್ಲಿ, ಮಾಡು ಒಂದೂವರೆ ಅಡಿ ಮುಂದೆ, ಪುನಃ ಸುಣ್ಣ. ನನ್ನ ಲೆಕ್ಕದಲ್ಲಿ ಫೀಸು ಅಲ್ಲಿಗೇ ವಸೂಲಾಯ್ತು, ಅಪ್ಪ ಒಪ್ಪುದಿಲ್ಲ.

ಗೋಡೆ ತೆಗೆಯುವ ಕಥೆ ಸಣ್ಣದು. ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿದ್ರು, ಮೂರು ತೊಲೆಯ ತುದಿ ಅದೇ ಗೋಡೆ ಮೇಲೆ ಕೂತಿತ್ತು. ಅಲ್ಲಿಗೆ ದೊಡ್ಡ ಹಾಲಿನ ಪ್ಲಾನ್ ಬಿದ್ದೋಯ್ತು. ಬದಲಿಗೆ ಬಾಗಿಲನ್ನು ಐದಡಿ ಅಗಲ ಮಾಡಿ ಮೇಲಿನ ಗೋಡೆ ಹೊರಲಿಕ್ಕೆ ಲಿಂಟಲ್, ಕತ್ತಲೆ ಕೋಣೆಯ ಮಾಡಿಗೆ ನಾಲ್ಕು ಗಾಜಿನ ಹಂಚು.

ಹಿಂದಿನ ರೂಮಿಗೆ ಫಿಲ್ಲರ್ ಸ್ಲಾಬ್ ಅಂದಾಗ ಮೇಸ್ತ್ರಿ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ತದೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಎಷ್ಟೋ ಮನೆಗೆ ಮಾಡಿಸಿದ ವಿಧಾನ ಅದು. ಸ್ಲಾಬಿನ ಅಡಿಭಾಗದಲ್ಲಿ ಎಳೆತ ತಡೆಯುದು ಕಂಬಿ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ, ಹಾಗಾಗಿ ಕಂಬಿಗಳ ನಡುವೆ ಹಳೆ ಹಂಚು ಜೋಡಿ ಜೋಡಿ ಇಟ್ಟು ಮೇಲೆ ಕಾಂಕ್ರೀಟ್. ಕಾಂಕ್ರೀಟ್ ಉಳೀತದೆ, ಸೆಕೆಯೂ ಕಮ್ಮಿ. ಕಾಂಕ್ರೀಟ್ ದಿನ ಬೆಳಿಗ್ಗೆ ಮೇಡಂ ಬಂದು ನೋಡಿದ್ರೆ ಹಂಚು ನೆನೆ ಹಾಕಿರ್ಲಿಲ್ಲ, ಒಣ ಹಂಚು ಕಾಂಕ್ರೀಟಿನ ನೀರೆಲ್ಲ ಹೀರ್ತದಂತೆ. ಮಿಕ್ಸರ್ ನಿಲ್ಲಿಸಿ ಅಷ್ಟೂ ಹಂಚು ತೆಗೆದು ಟ್ಯಾಂಕಿಗೆ ಹಾಕಿ, ಮಧ್ಯಾಹ್ನ ಊಟದ ನಂತರ ಶುರು, ಮುಗಿಯುವಾಗ ರಾತ್ರಿ ಎಂಟು, ಓವರ್‌ಟೈಮ್ ನನ್ನ ತಲೆಗೆ. ಮೇಡಂ ತುಳುವಿನಲ್ಲೇ ಬೈದದ್ದು, ಅದಕ್ಕೇ ಮೇಸ್ತ್ರಿಗೆ ಸರಿ ತಾಗಿತು ಅಂತ ಕಾಣ್ತದೆ. ಪಂಚಾಯತಿನಲ್ಲಿ ಮಲಯಾಳ, ಅಮ್ಮನತ್ರ ಕನ್ನಡ.

ಹಾಗಂತ ಅವರು ಎಲ್ಲ ಬಲ್ಲವರು ಅಂತಲ್ಲ ಮಾರಾಯ್ರೆ. ಬಚ್ಚಲಿನ ಡ್ರಾಯಿಂಗ್ ಎರಡು ವಾರ ಲೇಟು, ಬಂದದ್ದರಲ್ಲಿ ಹಂಡೆಗೇ ಜಾಗ ಇಲ್ಲ! ಗೀಸರ್ ಪಾಯಿಂಟ್ ಮಾತ್ರ. ಅಮ್ಮ ಕಾಗದ ನೋಡಿ, ಹಂಡೆ ಒಲೆಗೆ ಹಾಕುವ ಅಡಿಕೆ ಸಿಪ್ಪೆ ಎಲ್ಲ ಇವರ ಆಫೀಸಿಗೆ ಕಳಿಸುದಾ ಅಂದ್ರು. ಈಗ ಒಲೆ, ಹೊಗೆ ಕೊಳವೆ ಸೇರಿಸಿ ಹೊಸತು ಮಾಡಿ ಕೊಡ್ತಾರಂತೆ. ಅದು ಇನ್ನೂ ಬಂದಿಲ್ಲ, ಮೇಸ್ತ್ರಿ ಸೋಮವಾರದಿಂದ ಪೆರ್ಲದಲ್ಲಿ ಬೇರೆ ಕೆಲಸಕ್ಕೆ ಹೋಗ್ತೇನೆ ಅಂತ ಹೇಳ್ತಾ ಇದ್ದಾರೆ.