ಗೋವಾ ನೋಡಲು ಮುಂಬಯಿಗೆ ಹೋಗಿ ಹಡಗು ಹತ್ತಿದ್ದು

ನಮ್ಮೂರು ಕಾರವಾರದಿಂದ ಗೋವಾದ ಮಡಗಾಂವಿಗೆ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಇದೇ ಗೋವಾಕ್ಕೆ ನಾವು ನಾಲ್ವರು ರಾತ್ರಿಯಿಡೀ ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ವಿಹಾರದ ಹಡಗಿನಲ್ಲಿ ಗೋವಾದ ಮುರಗಾಂವ್ ಬಂದರಿಗೆ ಬಂದು, ಒಂದು ಹಗಲು ಕಳೆದು, ಅದೇ ಹಡಗಿನಲ್ಲಿ ಮುಂಬಯಿಗೆ ಮರಳಿ, ಮತ್ತೆ ರೈಲು ಹಿಡಿದು ಗೋವಾ ದಾಟಿಕೊಂಡು ಮನೆ ಸೇರಿದೆವು. ನಡುವೆ ಗೋವಾದಲ್ಲೇ ಇಳಿದುಬಿಡುತ್ತೇವೆ ಎಂದು ಹಡಗಿನ ಕಚೇರಿಯಲ್ಲಿ ಕೇಳಿದರೆ, ಪ್ರಯಾಣಿಕರ ಪಟ್ಟಿಯಲ್ಲಿ ಇಳಿಯುವ ಊರು ಮುಂಬಯಿ ಎಂದು ನಮೂದಾಗಿರುವುದರಿಂದ ಸಾಧ್ಯವಿಲ್ಲ ಎಂದರು. ಆದ್ದರಿಂದ ನಮ್ಮ ಜಿಲ್ಲೆಯವರು ಟಿಕೆಟಿನ ದರಕ್ಕಿಂತ ಮೊದಲು ಹತ್ತುವ ಮತ್ತು ಇಳಿಯುವ ಬಂದರನ್ನು ನೋಡಬೇಕು. ಕೆಲವು ಪ್ರಯಾಣಗಳಲ್ಲಿ ಗೋವಾದಿಂದಲೇ ಹತ್ತುವ ಅವಕಾಶವಿರುತ್ತದೆ. ಅದನ್ನು ನಾವಾಗಿ ಕೇಳಬೇಕು. ನಮ್ಮ ಏಜೆಂಟರಂತೂ ಅದರ ಸುದ್ದಿಯನ್ನೇ ಎತ್ತಲಿಲ್ಲ.

ದರದ ಮಾತಿಗೆ ಬಂದರೆ, ಜಾಹೀರಾತಿನಲ್ಲಿ ತಲೆಗೆ 19,000 ರೂಪಾಯಿ ಎಂದಿದ್ದದ್ದು ಬಂದರು ಶುಲ್ಕ, ಸೇವಾ ಶುಲ್ಕ ಮತ್ತು ತೆರಿಗೆ ಸೇರುವಾಗ 26,000 ದಾಟಿತ್ತು. ಜಾಹೀರಾತಿನ ದರ ಒಂದು ಕೋಣೆಯಲ್ಲಿ ಇಬ್ಬರು ಇರುತ್ತಾರೆ ಎಂಬ ಲೆಕ್ಕದ್ದು. ಒಬ್ಬರೇ ಹೋಗುವವರು ಹೆಚ್ಚುಕಡಿಮೆ ಇಬ್ಬರ ಹಣವನ್ನೇ ತೆರಬೇಕಾದೀತು. ಎಲ್ಲ ಸೇರಿದ ಅಂತಿಮ ಮೊತ್ತವನ್ನು ಬರಹದಲ್ಲಿ ಪಡೆಯದೆ ಮುಂಗಡ ಕೊಡಬಾರದು.

ರೈಲಿನ ಆಯ್ಕೆಯಲ್ಲೂ ಸ್ವಲ್ಪ ಯೋಚನೆ ಬೇಕು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಹಡಗು ಹತ್ತುವ ಸ್ಥಳವಿರುವುದು ಮುಂಬಯಿಯ ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್ ಬಳಿ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಹತ್ತಿರ. ಹಡಗು ಸಂಜೆ ಹೊರಡುವುದಾದರೂ ಬಾಗಿಲು ಬಹಳ ಮೊದಲೇ ಮುಚ್ಚುತ್ತದೆ, ಆ ದಿನವೆಲ್ಲ ಸಾಲಿನಲ್ಲಿ ನಿಲ್ಲುವುದಕ್ಕೇ ಮೀಸಲು. ದೊಡ್ಡ ಚೀಲಗಳನ್ನು ಅಲ್ಲೇ ಒಪ್ಪಿಸಬೇಕು, ಅವು ಕೋಣೆಗೆ ಬರುವಾಗ ನಮಗೆ ರಾತ್ರಿ ಎಂಟಾಯಿತು. ಶಿರಸಿಯಿಂದ ಬಂದಿದ್ದ ನಮ್ಮ ಅತ್ತೆಯವರ ರಕ್ತದೊತ್ತಡದ ಮಾತ್ರೆ ಆ ಚೀಲದಲ್ಲೇ ಇತ್ತು. ಔಷಧ, ಗುರುತಿನ ಚೀಟಿ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮನೆಯ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಅತ್ತೆಯವರು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ತಪಾಸಣೆಯ ಹುಡುಗಿ ತೆಗೆದು ಬದಿಗಿಟ್ಟಳು. ಅವರು ಎರಡು ದಿನ ಬಫೆಯ ಮುಂದೆ ನಿಂತು ಮೊಸರನ್ನಕ್ಕೆ ನಂಚಿಕೊಳ್ಳಲು ಏನೂ ಇಲ್ಲವೆಂದು ಬೇಸರಪಟ್ಟರು.

ನಮ್ಮದು ಕಿಟಕಿಯಿಲ್ಲದ ಒಳಗಿನ ಕೋಣೆ. ಮೇಲಿನ ಎರಡು ಮಲಗುವ ಹಲಗೆಗಳನ್ನು ಗೋಡೆಯಿಂದ ಇಳಿಸಿದ ಮೇಲೆ ನಾಲ್ವರು ಒಟ್ಟಿಗೆ ನಿಲ್ಲಲು ಜಾಗವಿರಲಿಲ್ಲ; ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಕಾರವಾರದ ಮೀನುಗಾರಿಕಾ ಬಂದರು ಬೈತಖೋಲದ ದೋಣಿಗಳಲ್ಲಿ ಓಡಾಡಿ ಬೆಳೆದ ನನಗೇ ಅಲ್ಲಿ ತಲೆಸುತ್ತು ಬಂದು ವಾಂತಿಯಾಯಿತು. ಘಟ್ಟದ ಮೇಲಿನ ಅತ್ತೆಯವರಿಗೆ ಏನೂ ಆಗಲಿಲ್ಲ. ಹಡಗಿನ ನಡುಭಾಗದ ಕೆಳ ಅಂತಸ್ತುಗಳಲ್ಲಿ ಓಲಾಟ ಕಡಿಮೆ, ಹಾಗಾಗಿ ಅಂಥ ಕೋಣೆಯನ್ನೇ ಕೇಳಿ ಪಡೆಯಿರಿ; ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿಕೊಂಡು, ತಲೆ ಸುತ್ತುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳು ದಡ ಸೇರಿರುತ್ತವೆ. ಆ ಕಾಲದಲ್ಲಿ ಈ ಕಡಲಿನ ಮೇಲೆ ವಿಹಾರವನ್ನು ನಮ್ಮೂರಿನವರು ಬಯಸಲಾರರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೀರು ಶಾಂತವಾಗಿರುತ್ತದೆ. ಲಕ್ಷದ್ವೀಪದ ಕಡೆ ಹೋಗುವವರಿಗೆ ಪ್ರವೇಶ ಪರವಾನಗಿ ಬೇಕು. ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗದೆ ಸಣ್ಣ ದೋಣಿಗೆ ಇಳಿದು ಹೋಗಬೇಕಾಗುವುದರಿಂದ ಮೊಣಕಾಲು ನೋವಿನ ಹಿರಿಯರಿಗೆ ಕಷ್ಟ.

ಮುರಗಾಂವ್ ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರು ಅರ್ಧ ದಿನಕ್ಕೆ 4,500 ರೂಪಾಯಿ ಕೇಳಿದರು. ಕಡಲತೀರವನ್ನು ದುಡ್ಡು ಕೊಟ್ಟು ನೋಡುವಷ್ಟು ಬಡತನ ಕಾರವಾರದವರಿಗೆ ಬಂದಿಲ್ಲವಾದ್ದರಿಂದ ನಾವು ಆಟೋ ಹಿಡಿದು ವಾಸ್ಕೋ ಪೇಟೆಗೆ ಹೋದೆವು. ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಫಲಕವೂ ಇಲ್ಲದ ಒಂದು ಹೋಟೆಲಿತ್ತು. ಆರು ಮೇಜುಗಳು, ಒಂದರ ಕಾಲಿನ ಕೆಳಗೆ ಮಡಿಸಿದ ರಟ್ಟು. ಬನ್ಸ್ ಬಾಣಲೆಯಿಂದ ನೇರವಾಗಿ ತಟ್ಟೆಗೆ ಬರುತ್ತಿದ್ದವು. ಬೆರಳಿನಿಂದ ಒತ್ತಿದರೆ ಬಾಳೆಹಣ್ಣಿನ ವಾಸನೆಯ ಹಬೆ ಹೊರಡುತ್ತಿತ್ತು, ಜೀರಿಗೆ ಹಲ್ಲಿಗೆ ಸಿಗುತ್ತಿತ್ತು. ಬಟಾಣಿಯ ಪಾತಳ ಭಾಜಿಯಲ್ಲಿ, ಅಂದರೆ ತೆಳು ಸಾರಿನಂಥ ಪಲ್ಯದಲ್ಲಿ, ತೆಂಗಿನಕಾಯಿಯನ್ನು ಹುರಿದು ಅರೆದಿದ್ದರು. ಮುಗಿದಂತೆಲ್ಲ ಮಾಲೀಕರೇ ಸೌಟು ಹಿಡಿದು ಬಂದು ಇನ್ನಷ್ಟು ಹಾಕುತ್ತಿದ್ದರು, ಅದಕ್ಕೆ ಬೇರೆ ಹಣ ಇಲ್ಲ. ಹಡಗಿನ ಊಟದಲ್ಲಿ ಎರಡು ತುತ್ತಿಗೇ ಸಾಕೆಂದಿದ್ದ ಅತ್ತೆಯವರು ಮೂರು ಬನ್ಸ್ ತಿಂದು, ಎರಡನ್ನು ಕಾಗದದಲ್ಲಿ ಕಟ್ಟಿಸಿಕೊಂಡರು. ನಾಲ್ವರಿಗೆ ಚಹಾ ಸೇರಿ 340 ರೂಪಾಯಿ. ಆ ಹೋಟೆಲಿನಲ್ಲಿ ಎರಡು ತಾಸು ಕುಳಿತು ನಾವು ಹಡಗಿಗೆ ವಾಪಸಾದೆವು.

ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡನ್ನೇ ತೋರಿಸಬೇಕು. ಊಟ ದರದಲ್ಲಿ ಸೇರಿದೆ ಎಂದಿದ್ದರಿಂದ ಮೇಲಂತಸ್ತಿನ ಎಳನೀರೂ ಸೇರಿದೆಯೆಂದು ಅತ್ತೆಯವರು ದಿನಕ್ಕೆರಡು ಬಾರಿ ಕುಡಿದಿದ್ದರು. ಕೊನೆಯ ರಾತ್ರಿ ಬಾಗಿಲ ಸಂದಿಯಿಂದ ಜಾರಿ ಬಂದ ಬಿಲ್ಲಿನಲ್ಲಿ ಒಂದೊಂದಕ್ಕೆ 250 ರೂಪಾಯಿ ಬರೆದಿತ್ತು. “ಇದು ನಮ್ಮ ತೋಟದ್ದೇ ಇರಬೇಕು ಅಳಿಯಂದಿರೇ, ಇಷ್ಟು ರೇಟು ಕೊಟ್ಟು ಯಾರು ಕೊಂಡಿದ್ದಾರೋ” ಎಂದರು. ಬಿಲ್ಲನ್ನು ಪ್ರತಿ ಸಂಜೆ ಕೇಳಿ ನೋಡಿಕೊಂಡರೆ ತಪ್ಪು ನಮೂದುಗಳನ್ನು ತೆಗೆಸಬಹುದು. ಕೊನೆಯ ಬೆಳಿಗ್ಗೆ ಬಿಲ್ಲಿನ ಕೌಂಟರಿನ ಮುಂದಿರುವ ನೂಕುನುಗ್ಗಲಿನಲ್ಲಿ ವಾದಿಸುವ ತಾಳ್ಮೆ ನನಗಂತೂ ಇರಲಿಲ್ಲ. ದಡದಿಂದ ದೂರ ಹೋದ ಮೇಲೆ ಮೊಬೈಲ್ ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡು ರೋಮಿಂಗ್ ದರ ಏರುತ್ತದೆ. ಹೊರಡುವಾಗಲೇ ಏರೋಪ್ಲೇನ್ ಮೋಡ್‌ಗೆ ಹಾಕಿಡಬೇಕು. ನನ್ನ ಹೆಂಡತಿಯ ಎರಡು ಕರೆಗಳಿಗೆ ಬಂದ ಬಿಲ್ಲು ವಾಸ್ಕೋದ ತಿಂಡಿಯ ಐದು ಪಟ್ಟು.

ಮುಂಬಯಿಯಿಂದ ಮರಳುವ ರೈಲು ನಡುರಾತ್ರಿ ಮಡಗಾಂವಿನಲ್ಲಿ ನಿಂತಾಗ ಅತ್ತೆಯವರು ಎದ್ದು ಕುಳಿತು, ಇಲ್ಲಿ ಇಳಿದರೆ ಬನ್ಸ್ ಸಿಕ್ಕೀತೇ ಎಂದು ಕೇಳಿದರು.