ನರ್ಸಿಂಗ್ ಓದಿದವರು ಫ್ಲಾರಿಡಾದಲ್ಲಿ ಸಿಎನ್‌ಎ ಪರೀಕ್ಷೆಗೆ ಕೂರುವ ಮುನ್ನ

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಊರಿನ ಆಸ್ಪತ್ರೆಗಳಲ್ಲಿ ಕೆಲವು ವರ್ಷ ದುಡಿದು, ಮದುವೆಯಾಗಿ ಅಮೆರಿಕಕ್ಕೆ ಬಂದ ಹೆಣ್ಣುಮಕ್ಕಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ಅಕ್ಕಾ, ಐಸಿಯುನಲ್ಲಿ ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡವಳು ನಾನು, ಈಗ ಹೋಗಿ ಸಿಎನ್‌ಎ, ಅಂದರೆ ನರ್ಸ್‌ಗಳ ಸಹಾಯಕಿ, ಆಗಬೇಕಾ?" ಆಗಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ರಿಜಿಸ್ಟರ್ಡ್ ನರ್ಸ್ ಆಗಲು ಓದಿದ ಕಾಲೇಜಿನಿಂದಲೂ ನರ್ಸಿಂಗ್ ಕೌನ್ಸಿಲ್‌ನಿಂದಲೂ ದಾಖಲೆಗಳು ಬಂದು, ಅವುಗಳ ಮೌಲ್ಯಮಾಪನ ಮುಗಿದು, ನರ್ಸ್ ಪರವಾನಗಿಯ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಬರೆಯುವ ಹೊತ್ತಿಗೆ ತಿಂಗಳುಗಳೇ ಉರುಳಿರುತ್ತವೆ. ಆ ಕಾಲವನ್ನು ಮನೆಯಲ್ಲಿ ಕುಳಿತು ಕಳೆಯುವುದಕ್ಕಿಂತ ಇಲ್ಲಿನ ಆರೈಕೆಯ ವ್ಯವಸ್ಥೆಯನ್ನು ಒಳಗಿನಿಂದ ನೋಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎಚ್-4 ವೀಸಾದಲ್ಲಿರುವವರು (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗಳು) ಮಾತ್ರ ಮೊದಲು ಕೆಲಸದ ಪರವಾನಗಿಯ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಸಂಗಾತಿಯ ಐ-140 (ಗ್ರೀನ್ ಕಾರ್ಡಿನ ದಾರಿಯಲ್ಲಿ ಹಾಕುವ) ಅರ್ಜಿ ಮಂಜೂರಾಗಿದ್ದರೆ ಪರವಾನಗಿಗೆ ಅರ್ಜಿ ಹಾಕುವ ಅವಕಾಶ 2015ರಿಂದ ಇದೆ.

ಸಿಎನ್‌ಎ ಎಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್. ನರ್ಸಿಂಗ್ ಹೋಮ್‌ಗಳಲ್ಲಿ (ಇಲ್ಲಿ ಹಾಗೆಂದರೆ ವೃದ್ಧರು ಉಳಿದುಕೊಂಡು ಆರೈಕೆ ಪಡೆಯುವ ಕೇಂದ್ರಗಳು; ಅಲ್ಲಿರುವವರನ್ನು 'ನಿವಾಸಿ' ಎನ್ನುತ್ತಾರೆ) ವೃದ್ಧರ ಸ್ಥಿತಿ ಶೋಚನೀಯವಾಗಿದೆ ಎಂಬ ದೂರುಗಳ ಹಿನ್ನೆಲೆಯಲ್ಲಿ 1987ರಲ್ಲಿ ಬಂದ ಫೆಡರಲ್ ಕಾನೂನು ಈ ಕೆಲಸಕ್ಕೆ ಕನಿಷ್ಠ 75 ಗಂಟೆಗಳ ತರಬೇತಿ, ಪರೀಕ್ಷೆ ಮತ್ತು ರಾಜ್ಯಮಟ್ಟದ ನೋಂದಣಿಯನ್ನು ಕಡ್ಡಾಯ ಮಾಡಿತು. ರಾಜ್ಯಗಳು ಇದಕ್ಕಿಂತ ಹೆಚ್ಚು ಕೇಳಬಹುದು. ಕ್ಯಾಲಿಫೋರ್ನಿಯಾ 160 ಗಂಟೆ ಕೇಳುತ್ತದೆ, ಫ್ಲಾರಿಡಾದ ತರಬೇತಿ 120 ಗಂಟೆಯದು. ಆದರೆ ಫ್ಲಾರಿಡಾ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. ತರಬೇತಿಗೆ ಸೇರದೆ ನೇರವಾಗಿ ಪರೀಕ್ಷೆಗೆ ಕೂರಬಹುದು. ಇದನ್ನು ಇಲ್ಲಿ 'ಚಾಲೆಂಜ್' ಮಾಡುವುದು ಎನ್ನುತ್ತಾರೆ. ಬೆರಳಚ್ಚು ಕೊಟ್ಟು ಹಿನ್ನೆಲೆ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು, ಲಿಖಿತ ಮತ್ತು ಕೌಶಲ ಪರೀಕ್ಷೆ ಎರಡರಲ್ಲೂ ಪಾಸಾಗಬೇಕು. ಮೂರು ಸಲ ಫೇಲಾದವರು ತರಬೇತಿ ಮುಗಿಸದೆ ಮತ್ತೆ ಕೂರುವಂತಿಲ್ಲ.

ಹಿಂದಿನ ಅನುಭವ ಲಿಖಿತ ಪರೀಕ್ಷೆಯಲ್ಲಿ ಕೈಹಿಡಿಯುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಸೋಂಕು ತಡೆಯುವುದು, ನಾಡಿ, ರಕ್ತದೊತ್ತಡ ಇವುಗಳ ಮಟ್ಟಿಗೆ ಆ ಮಾತು ನಿಜ. ತೊಡಕಿರುವುದು ಬೇರೆಡೆ. ಆಕ್ಸಿಜನ್ ಹಾಕಿಕೊಂಡಿರುವ ವೃದ್ಧರೊಬ್ಬರಿಗೆ ಏಕಾಏಕಿ ಉಸಿರು ಕಟ್ಟುತ್ತಿದೆ, ನೀವೇನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಊಹಿಸಿಕೊಳ್ಳಿ. ನರ್ಸ್ ಆಗಿದ್ದವರ ಕೈ ಮನಸ್ಸಿನಲ್ಲೇ ಆಕ್ಸಿಜನ್ ಹರಿವನ್ನು ಹೆಚ್ಚು ಕಡಿಮೆ ಮಾಡುವ ಫ್ಲೋಮೀಟರಿನತ್ತ ಹೋಗುತ್ತದೆ. ಸಿಎನ್‌ಎಗೆ ಆಕ್ಸಿಜನ್ ಏರಿಸುವ ಅಧಿಕಾರವಿಲ್ಲ. ಮಂಚದ ತಲೆಯ ಭಾಗವನ್ನು ಎತ್ತರಿಸಿ ಕೂಡಲೇ ನರ್ಸ್‌ಗೆ ತಿಳಿಸುವುದೇ ಸರಿಯುತ್ತರ. ಮಾತ್ರೆ ಕೊಡುವುದು, ಡ್ರಿಪ್ ಮುಟ್ಟುವುದು, ರೋಗ ಇಂಥದ್ದೆಂದು ಹೇಳುವುದು ಯಾವುದೂ ಸಿಎನ್‌ಎ ಕೆಲಸದ ವ್ಯಾಪ್ತಿಯಲ್ಲಿಲ್ಲ. ಸೊಂಟದ ಕೆಳಗೆ ಚರ್ಮ ಕೆಂಪಾಗಿದ್ದರೆ, ಅದು ಹಾಸಿಗೆ ಹುಣ್ಣಿನ ಎಷ್ಟನೇ ಹಂತವೆಂದು ನಿಮಗೆ ಗೊತ್ತಿದ್ದರೂ, "ಇಲ್ಲಿ ಕೆಂಪಾಗಿದೆ, ಒತ್ತಿದರೆ ಬಣ್ಣ ಬದಲಾಗುತ್ತಿಲ್ಲ" ಎಂದು ಕಂಡಷ್ಟನ್ನೇ ಹೇಳಬೇಕು. ಆದ್ದರಿಂದ ಉತ್ತರ ಗುರುತಿಸುವ ಮೊದಲು ಪ್ರತಿ ಪ್ರಶ್ನೆಯಲ್ಲೂ ಇದು ನನ್ನ ಕೆಲಸವೇ, ನರ್ಸಿನ ಕೆಲಸವೇ ಎಂದು ಕೇಳಿಕೊಳ್ಳಿ.

ಕೌಶಲ ಪರೀಕ್ಷೆಯ ಕಷ್ಟ ಇದಕ್ಕೆ ತದ್ವಿರುದ್ಧ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಇವೆಲ್ಲ ಹೆಚ್ಚಾಗಿ ಜೊತೆಗಿರುವ ಮನೆಯವರ ಅಥವಾ ಆಯಾಗಳ ಪಾಲಿಗೆ ಬರುತ್ತವೆ. ಮೂವತ್ತು ನಲವತ್ತು ರೋಗಿಗಳ ವಾರ್ಡಿಗೆ ಒಬ್ಬರೋ ಇಬ್ಬರೋ ಸಿಸ್ಟರ್ ಇರುವಲ್ಲಿ ಅದು ಅನಿವಾರ್ಯವೂ ಹೌದು. ಪ್ರಥಮ ವರ್ಷದಲ್ಲಿ ಕಲಿತು, ಪ್ರಾಕ್ಟಿಕಲ್ ಪರೀಕ್ಷೆಯ ನಂತರ ಕೈಬಿಟ್ಟ ಆ ಕೆಲಸಗಳೇ ಇಲ್ಲಿ ಪರೀಕ್ಷೆಯ ಜೀವಾಳ. ಫ್ಲಾರಿಡಾದಲ್ಲಿ ಕೈತೊಳೆಯುವುದು ಮತ್ತು ನಿವಾಸಿಯೊಡನೆ ನಡೆದುಕೊಳ್ಳುವ ರೀತಿ ಇವೆರಡನ್ನು ಎಲ್ಲರಲ್ಲೂ ನೋಡುತ್ತಾರೆ. ಅವುಗಳ ಜೊತೆಗೆ ಇನ್ನು ಮೂರು ಕೌಶಲಗಳನ್ನು ಪರೀಕ್ಷಿಸುತ್ತಾರೆ.

ಬಟ್ಟೆ ತೊಡಿಸುವುದನ್ನೇ ನೋಡಿ. ಪಾರ್ಶ್ವವಾಯುವಿನಿಂದ ಬಲಗೈ ಸೋತಿರುವ ವ್ಯಕ್ತಿಗೆ ಅಂಗಿ ತೊಡಿಸಬೇಕು. ಬಾಗಿಲು ತಟ್ಟಿ, ಹೆಸರು ಹೇಳಿ, ಮಾಡಲಿರುವುದನ್ನು ವಿವರಿಸಿ, ಪರದೆ ಎಳೆದು, ಯಾವ ಅಂಗಿ ಬೇಕೆಂದು ಅವರನ್ನೇ ಕೇಳಬೇಕು. ಮೊದಲು ಅಂಗಿಯ ತೋಳು ಏರಿಸುವುದು ಸೋತ ಕೈಗೆ. ಕಳಚುವಾಗ ಮೊದಲು ಬಿಡಿಸುವುದು ಗಟ್ಟಿ ಕೈಯನ್ನು. ಸೋತ ಕೈಯನ್ನು ಎಳೆಯಬಾರದು, ನಿಮ್ಮ ಕೈಯನ್ನು ಅಂಗಿಯ ತೋಳಿನೊಳಗಿಂದ ತೂರಿಸಿ ಅವರ ಕೈಯನ್ನು ಆಧರಿಸಿ ತರಬೇಕು. ಮುಗಿದ ಮೇಲೆ ಮಂಚವನ್ನು ತಗ್ಗಿಸಿ, ಕರೆಗಂಟೆಯನ್ನು ಅವರ ಗಟ್ಟಿ ಕೈಗೆ ಎಟುಕುವಂತಿಟ್ಟು, ಕೈ ತೊಳೆದು ಹೊರಡಬೇಕು. ಕೆಲಸದ ಅವಸರದಲ್ಲಿ ಪಳಗಿದ ಕೈಗಳು ಪರದೆಯನ್ನೂ ಕರೆಗಂಟೆಯನ್ನೂ ಮರೆಯುವುದೇ ಹೆಚ್ಚು. ತರಬೇತಿ ಬೇಡವೆಂದಮಾತ್ರಕ್ಕೆ ಅಭ್ಯಾಸವೂ ಬೇಡವೆಂದಲ್ಲ. ಮನೆಯಲ್ಲಿ ಗಂಡನನ್ನೋ ಅತ್ತೆಯನ್ನೋ ಮಲಗಿಸಿ, ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳುತ್ತಾ ಮಾಡಿ ನೋಡಿ. (ನಮ್ಮ ಅತ್ತೆಯವರು ಪರೀಕ್ಷಕರಿಗಿಂತ ಕಟ್ಟುನಿಟ್ಟಾಗಿದ್ದರು.)

ಇದನ್ನು 'ಕೆಳಗಿನ ಕೆಲಸ' ಎನ್ನುವ ಸಂಬಂಧಿಕರು ಇದ್ದೇ ಇರುತ್ತಾರೆ. ಕೆಲಸ ನಿಜಕ್ಕೂ ಭಾರವಾದದ್ದು, ಸಂಬಳ ಕಡಿಮೆ, ಬೆನ್ನು ನೋವು ಸಾಮಾನ್ಯ; ಇವನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ನಿವಾಸಿಗಳ ಉಚ್ಚಾರಣೆ, ಶಿಫ್ಟ್ ಬದಲಾಗುವಾಗ ವರದಿ ಒಪ್ಪಿಸುವ ಕ್ರಮ, ಚಿಕಿತ್ಸೆ ಬೇಡವೆನ್ನಲು ರೋಗಿಗಿರುವ ಹಕ್ಕು ಇವು ಎನ್‌ಕ್ಲೆಕ್ಸ್ ಪುಸ್ತಕದಿಂದ ಅಷ್ಟು ಬೇಗ ಮೈಗೂಡುವುದಿಲ್ಲ.

ಕೊನೆಯದಾಗಿ ಕಾಗದಪತ್ರದ ಮಾತು. ಸಂಬಳವಿರುವ ಆರೈಕೆಯ ಕೆಲಸವನ್ನು ಸತತ 24 ತಿಂಗಳು ಮಾಡದಿದ್ದರೆ ಸಿಎನ್‌ಎ ಮಾನ್ಯತೆ ಹೋಗುತ್ತದೆ. ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ. ಇತ್ತ ಕೆಲಸಕ್ಕೆ ಸೇರಿದ ವಾರದಲ್ಲೇ ಅತ್ತ ಕಾಲೇಜಿಗೂ ಕೌನ್ಸಿಲ್‌ಗೂ ದಾಖಲೆಗಳಿಗಾಗಿ ಅರ್ಜಿ ಕಳುಹಿಸಿಬಿಡಿ. ಅಂಕಪಟ್ಟಿಯನ್ನು ನೀವು ತಂದುಕೊಟ್ಟರೆ ಆಗದು, ಮೌಲ್ಯಮಾಪನ ಮಾಡುವ ಸಂಸ್ಥೆಗೆ ಕಾಲೇಜೇ ನೇರವಾಗಿ ಕಳುಹಿಸಬೇಕು. ಕಾಲೇಜಿನ ಕಚೇರಿಗೆ ಹೋಗಿ ಬರಲು ಊರಿನಲ್ಲಿರುವ ಅಣ್ಣನನ್ನೋ ಗೆಳತಿಯನ್ನೋ ಈಗಲೇ ಒಪ್ಪಿಸಿಕೊಳ್ಳಿ.